ವೇಲ್ಸ್ ಗುಡ್ಡಗಳಲ್ಲಿ ಮೂರು ಚಕ್ರದ ಸೈಕಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೋದ ಜೂನ್‌ನಲ್ಲಿ ನಾನು ಮತ್ತು ನನ್ನ ಗೆಳೆಯ ವೇಲ್ಸ್‌ನ ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ತಲಾ ಒಂದು ಮೂರು ಚಕ್ರದ ಸೈಕಲ್ ತುಳಿದುಕೊಂಡು ಹೋದೆವು. ನಾನಿರೋದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಅವನು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಊರಿನವನು, ಇದಕ್ಕೆಂದೇ ಬಂದಿದ್ದ. ಮುಗಿಸಿ ಬಂದ ದಿನದಿಂದ ಎರಡೂ ಕಡೆಯ ನೆಂಟರು, ಆಫೀಸಿನವರು, ಬೆಂಗಳೂರಿನ ಸೈಕಲ್ ಹುಚ್ಚಿನ ಹುಡುಗರು ಕೇಳಿದ್ದನ್ನೇ ಕೇಳುತ್ತಿದ್ದಾರೆ. ವಾಟ್ಸಾಪ್‌ನಲ್ಲಿ ಬರೆದು ಬರೆದು ನನ್ನ ಹೆಬ್ಬೆರಳು ನೋಯಲು ಶುರುವಾಯಿತು. ಅದಕ್ಕೇ ಎಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಎಲ್ಲರೂ ಮೊದಲು ಕೇಳೋದು ಏರಿನ ಬಗ್ಗೆ. ಮೊದಲೇ ಹೇಳಿಬಿಡುತ್ತೇನೆ, ನಮ್ಮನ್ನು ಸತಾಯಿಸಿದ್ದು ಏರು ಅಲ್ಲ. ಇಳಿಜಾರು ಮತ್ತು ಗೇಟುಗಳು.

ಮೂರು ಚಕ್ರದ ಸೈಕಲ್ ಅಂದರೆ ಮಕ್ಕಳದ್ದಾ? ಸಾಮಾನು ಸಾಗಿಸೋ ಗಾಡಿನಾ?

ಎರಡೂ ಅಲ್ಲ. ಮುಂದೆ ಎರಡು ಚಕ್ರ, ಹಿಂದೆ ಒಂದು. ನಡುವೆ ಆರಾಮ ಕುರ್ಚಿ ಥರದ ಬಲೆಯ ಸೀಟು. ಒರಗಿ ಕೂತು, ಕಾಲು ಮುಂದಕ್ಕೆ ಚಾಚಿ ತುಳಿಯಬೇಕು. ಹ್ಯಾಂಡಲ್ ಎದೆಯ ಮುಂದೆ ಇರೋದಿಲ್ಲ, ಸೀಟಿನ ಎರಡೂ ಪಕ್ಕದಲ್ಲಿ ಎರಡು ಹಿಡಿಕೆ. ಚಕ್ರಗಳು 20 ಇಂಚಿನವು. ಚೈನು ಮಾತ್ರ ಸಾಮಾನ್ಯ ಸೈಕಲ್ಲಿನದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಉದ್ದ, ಯಾಕೆಂದರೆ ಪೆಡಲು ಇರೋದು ನಿಮ್ಮ ಮೂಗಿನ ನೇರಕ್ಕೆ ಮುಂದೆ, ತಿರುಗಬೇಕಾದ ಚಕ್ರ ಬೆನ್ನ ಹಿಂದೆ. ಇಲ್ಲಿನವರು ಇದನ್ನು ಟ್ರೈಕ್ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಇಂಗ್ಲೆಂಡಿನ ಐಸ್, ಜರ್ಮನಿಯ ಎಚ್‌ಪಿ ವೆಲೋಟೆಕ್ನಿಕ್, ಅಮೆರಿಕದ ಕ್ಯಾಟ್ರೈಕ್ ಇವೆಲ್ಲ ಇಂಥವನ್ನೇ ಮಾಡುವ ಕಂಪನಿಗಳು.

ಎರಡು ಚಕ್ರದ್ದು ಬಿಟ್ಟು ಇದೇ ಯಾಕೆ?

ನನ್ನ ಗೆಳೆಯನಿಗೆ ಒಳಕಿವಿಯ ತೊಂದರೆ ಇದೆ. ತಲೆ ಬೇಗ ತಿರುಗಿಸಿದರೆ ಭೂಮಿ ಗಿರ್ರನೆ ಸುತ್ತುತ್ತದೆ. ನಡೆಯುವಾಗ ತೊಂದರೆಯಿಲ್ಲ, ಬೈಕು ಸೈಕಲ್ಲು ಎರಡನ್ನೂ ಆರು ವರ್ಷದ ಹಿಂದೆ ಬಿಟ್ಟಿದ್ದ. ಸ್ಕೂಲಿಗೆ ಹೋಗುವಾಗ ನಾವಿಬ್ಬರೂ ಒಂದೇ ಅಟ್ಲಾಸ್ ಸೈಕಲ್ ಮೇಲೆ ಡಬಲ್ ರೈಡ್ ಹೊಡೆದವರು. ಇಲ್ಲಿನ ಸೈಕಲ್ ಕ್ಲಬ್ಬಿನಲ್ಲಿ ಒಬ್ಬ ಅಜ್ಜ ಟ್ರೈಕ್ ತುಳಿಯೋದು ನೋಡಿ ಅವನಿಗೊಂದು ಫೋಟೋ ಕಳಿಸಿದೆ, ಅಷ್ಟೇ. ಐದು ನಿಮಿಷದಲ್ಲಿ ಫೋನ್ ಬಂತು. "ಇದು ಬೀಳೋದಿಲ್ವಾ ಮಾರಾಯ?"

ಬೀಳೋದಿಲ್ವಾ?

ನಿಂತಾಗ ಬೀಳೋದಿಲ್ಲ. ಮೆಲ್ಲಗೆ ಹೋಗುವಾಗಲೂ ಬೀಳೋದಿಲ್ಲ. ಜೋರಾಗಿ ಬಂದು ತಿರುವಿನಲ್ಲಿ ಸುಮ್ನೆ ಕೂತರೆ ಒಳಗಿನ ಚಕ್ರ ಎದ್ದು ಮಗುಚಬಹುದು. ತಿರುವಿನ ಒಳಗಡೆಗೆ ಮೈ ಬಾಗಿಸಬೇಕು. ಎರಡನೇ ದಿನಕ್ಕೆ ಅದು ತಾನೇ ಬರುತ್ತದೆ.

ಎಲ್ಲಿಂದ ಎಲ್ಲಿಗೆ? ಎಷ್ಟು ದಿನ?

ಆಂಗಲ್ಸಿ ದ್ವೀಪದ ಹಾಲಿಹೆಡ್‌ನಿಂದ ಕಾರ್ಡಿಫ್‌ವರೆಗೆ. ಇದಕ್ಕೆ ಲೋನ್ ಲಾಸ್ ಕಮ್ರಿ ಅಂತ ಹೆಸರು, ಬ್ರಿಟನ್ನಿನ ರಾಷ್ಟ್ರೀಯ ಸೈಕಲ್ ಜಾಲದ 8ನೇ ನಂಬರಿನ ದಾರಿ. ಒಟ್ಟು ಸುಮಾರು 400 ಕಿ.ಮೀ. ನೀಲಿ ಬೋರ್ಡಿನಲ್ಲಿ ಕೆಂಪು ಚೌಕದೊಳಗೆ 8 ಅಂತ ಬರೆದಿರುತ್ತದೆ, ಅದನ್ನು ಹಿಡಿದುಕೊಂಡು ಹೋಗೋದು. ಗಟ್ಟಿ ಸೈಕಲ್ ಸವಾರರು ಐದಾರು ದಿನಕ್ಕೆ ಮುಗಿಸುತ್ತಾರೆ. ನಾವು ಹನ್ನೆರಡು ದಿನ ತಗೊಂಡೆವು, ಅದರಲ್ಲಿ ಒಂದು ದಿನ ಪೂರ್ತಿ ರಜೆ. ದಿನಕ್ಕೆ 35–40 ಕಿ.ಮೀ. ಅಂದರೆ ಗುಡ್ಡದ ನಾಡಿನಲ್ಲಿ ಕಡಿಮೆಯೇನಲ್ಲ.

ದಾರಿಯನ್ನು ಚಿಕ್ಕದಾಗಿ ಹೇಳಬೇಕೆಂದರೆ: ಆಂಗಲ್ಸಿಯ ಬೇಲಿ ಸಾಲಿನ ಸಣ್ಣ ರಸ್ತೆಗಳು, 1826ರಲ್ಲಿ ಥಾಮಸ್ ಟೆಲ್ಫರ್ಡ್ ಕಟ್ಟಿಸಿದ ಮೆನೈ ತೂಗುಸೇತುವೆ, ಕೈರ್ನಾರ್ವನ್ ಕೋಟೆ, ಅಲ್ಲಿಂದ ಹಳೇ ರೈಲು ಹಳಿ ಕಿತ್ತು ಮಾಡಿದ ಸೈಕಲ್ ದಾರಿ, ಪೋರ್ತ್‌ಮಾಡಾಗ್, ಹಾರ್ಲೆಕ್, ಬಾರ್ಮತ್‌ನ ಮರದ ರೈಲು ಸೇತುವೆ, ಡೋಲ್ಗೆಲ್ಲೈ, ಕೊರಿಸ್, ಮಖನ್ಲೆತ್, ಗುಡ್ಡ ದಾಟಿ ಲಾನಿಡ್ಲೋಸ್, ರೇಯಡರ್, ವೈ ನದಿಯ ಪಕ್ಕದಲ್ಲೇ ಬಿಲ್ತ್, ಬ್ರೆಕನ್, ಟಾಲಿಬಾಂಟ್, ಮರ್ಥರ್ ಟಿಡ್ವಿಲ್, ಕೊನೆಗೆ ಟ್ಯಾಫ್ ನದಿಯ ಜೊತೆ ಕಾರ್ಡಿಫ್. ಬಾರ್ಮತ್ ಸೇತುವೆ 1867ರದ್ದು. ರೈಲು ಈಗಲೂ ಓಡುತ್ತದೆ, ಪಕ್ಕದ ಹಲಗೆಯ ದಾರಿಯಲ್ಲಿ ನಾವು. ಹಲಗೆಗಳು ಮೂರು ಚಕ್ರದ ಕೆಳಗೂ ಬೇರೆ ಬೇರೆ ತಾಳದಲ್ಲಿ ಸದ್ದು ಮಾಡುತ್ತವೆ. ಕೆಳಗೆ ಸಮುದ್ರದ ಅಳಿವೆ, ಎದುರಿಗೆ ಕಾದರ್ ಇದ್ರಿಸ್ ಬೆಟ್ಟ. ಆ ಬೆಳಿಗ್ಗೆ ಒಂದು ಕಿ.ಮೀ.ಗೂ ಕಡಿಮೆ ದೂರಕ್ಕೆ ಮುಕ್ಕಾಲು ಗಂಟೆ ಹಾಳು ಮಾಡಿದ್ದೇವೆ, ಬೇಸರವಿಲ್ಲ.

ಅಷ್ಟು ಏರು ಹೇಗೆ ಹತ್ತಿದಿರಿ? ಮೋಟರ್ ಇತ್ತಾ?

ಇರಲಿಲ್ಲ. ಲೆಕ್ಕ ನೋಡಿ. ಮುಂದೆ 26 ಹಲ್ಲಿನ ಚಕ್ರ, ಹಿಂದೆ 34 ಹಲ್ಲಿನದು, ಅದೂ 20 ಇಂಚಿನ ಗಾಲಿಗೆ. ಅಂದರೆ ಪೆಡಲು ಒಂದು ಸುತ್ತು ತುಳಿದರೆ ಗಾಡಿ ಒಂದು ಮೀಟರಿಗಿಂತ ಸ್ವಲ್ಪ ಮುಂದೆ ಹೋಗುತ್ತದೆ, ಅಷ್ಟೇ. ನಿಮಿಷಕ್ಕೆ 60 ಸುತ್ತು ಹಾಕಿದರೆ ಗಂಟೆಗೆ 4 ಕಿ.ಮೀ. ಚಿಲ್ಲರೆ. ಎರಡು ಚಕ್ರದ ಸೈಕಲ್ಲಿನಲ್ಲಿ ಇಷ್ಟು ಮೆಲ್ಲಗೆ ಹೋದರೆ ತೂರಾಡಿ ಬೀಳುತ್ತೀರಿ, ಇಳಿದು ತಳ್ಳಲೇಬೇಕು. ಟ್ರೈಕಿನಲ್ಲಿ ಬೀಳುವ ಮಾತೇ ಇಲ್ಲ. ಸುಸ್ತಾದರೆ ಏರಿನ ನಟ್ಟನಡುವೆ ಬ್ರೇಕ್ ಲಾಕ್ ಮಾಡಿ, ಕೂತಲ್ಲೇ ಒರಗಿ, ಚಕ್ಕುಲಿ ತಿಂದು, ನೀರು ಕುಡಿದು, ಮತ್ತೆ ತುಳಿಯಲು ಶುರು ಮಾಡಬಹುದು. ನಾವು ಅದನ್ನೇ ಮಾಡಿದ್ದು.

ಮಖನ್ಲೆತ್‌ನಿಂದ ಲಾನಿಡ್ಲೋಸ್ ಕಡೆಗೆ ಹೋಗುವ ಗುಡ್ಡದ ರಸ್ತೆ ಇಡೀ ದಾರಿಯಲ್ಲೇ ಎತ್ತರದ್ದು. ಸಮುದ್ರ ಮಟ್ಟದ ಹತ್ತಿರದಿಂದ ಹೊರಟು 500 ಮೀಟರ್ ದಾಟುತ್ತದೆ. ಆಗುಂಬೆ ಘಾಟಿ ನೋಡಿದವರಿಗೆ ಇದೇನು ಮಹಾ ಅನ್ನಿಸಬಹುದು. ವ್ಯತ್ಯಾಸ ಏನೆಂದರೆ ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು ಹಾಕಿ ಏರನ್ನು ಹಂಚಿದ್ದಾರೆ. ವೇಲ್ಸ್‌ನ ಹಳೇ ರಸ್ತೆಗಳಿಗೆ ಆ ದಾಕ್ಷಿಣ್ಯ ಇಲ್ಲ, ಕುರಿ ಹೋದ ದಾರಿಗೇ ಡಾಂಬರು ಹಾಕಿದ ಹಾಗೆ ನೇರ ಮೇಲಕ್ಕೆ. ಆ ಏರಿಗೆ ನಮಗೆ ಹತ್ತಿರ ಹತ್ತಿರ ನಾಲ್ಕು ಗಂಟೆ ಹಿಡಿಯಿತು. ಒಬ್ಬ ಅಂಚೆಯವನು ವ್ಯಾನಿನಲ್ಲಿ ಮೇಲೆ ಹೋಗುವಾಗ ಕೈ ಬೀಸಿದ. ಕಾಗದ ಹಂಚಿ ವಾಪಸು ಬರುವಾಗಲೂ ಬೀಸಿದ. ನಾವು ಅಷ್ಟರಲ್ಲಿ ಎರಡು ತಿರುವು ದಾಟಿದ್ದೆವು.

ಒಂದೇ ತೊಂದರೆ, ಹಿಂದಿನ ಚಕ್ರ ಜಾರುವುದು. ಭಾರವೆಲ್ಲ ಮುಂದಿನ ಎರಡು ಚಕ್ರದ ಮೇಲೆ, ತಿರುಗುವ ಚಕ್ರ ಹಿಂದಿನದೊಂದೇ. ಕೊರಿಸ್ ಹತ್ತಿರ ಪಾಚಿ ಹಿಡಿದ ಒದ್ದೆ ಏರಿನಲ್ಲಿ ನನ್ನ ಹಿಂದಿನ ಗಾಲಿ ರುಬ್ಬುಗುಂಡಿನ ಹಾಗೆ ನಿಂತಲ್ಲೇ ಸುತ್ತಿತು. ಅವತ್ತಿನಿಂದ ಅಕ್ಕಿ, ಸ್ಟೋವು, ಬೀಗ ಎಲ್ಲ ಭಾರದ ಸಾಮಾನು ಹಿಂದಿನ ಚೀಲಕ್ಕೆ ಹಾಕಿದೆವು. ಸರಿಯಾಯಿತು.

ಹಾಗಾದರೆ ಇಳಿಜಾರು ಮಜಾ ಅಲ್ವಾ?

ಮಜಾನೇ, ಮೊದಲ ಎರಡು ನಿಮಿಷ. ನೆಲದಿಂದ ಒಂದು ಅಡಿ ಮೇಲೆ ಕೂತವರಿಗೆ ಗಂಟೆಗೆ 40 ಕಿ.ಮೀ. ಅನ್ನೋದು 80ರ ಹಾಗೆ ಕಾಣುತ್ತದೆ. ಆಮೇಲೆ ಬ್ರೇಕಿನ ಯೋಚನೆ ಶುರುವಾಗುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟ್ರೈಕಿನಲ್ಲಿ ಎಡಗೈ ಬ್ರೇಕು ಎಡ ಚಕ್ರಕ್ಕೆ, ಬಲಗೈಯದು ಬಲ ಚಕ್ರಕ್ಕೆ. ಹಿಂದಿನ ಚಕ್ರದ ಬ್ರೇಕು ನಿಲ್ಲಿಸಿ ಇಡೋದಕ್ಕೆ ಮಾತ್ರ. ಎರಡೂ ಕೈ ಒಂದೇ ಹದದಲ್ಲಿ ಒತ್ತದಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಎತ್ತಿನ ಗಾಡಿಯಲ್ಲಿ ಒಂದೇ ಎತ್ತಿನ ಹಗ್ಗ ಜಗ್ಗಿದ ಹಾಗೆ. ನನ್ನ ಗೆಳೆಯ ಮೊದಲ ದಿನವೇ, ಆಂಗಲ್ಸಿಯ ಒಂದು ಪುಟ್ಟ ಇಳಿಜಾರಿನಲ್ಲಿ, ಎಡಗೈಯಿಂದ ಮೂಗು ಒರೆಸಿಕೊಳ್ಳುತ್ತಾ ಬಲಗೈಯಲ್ಲಿ ಬ್ರೇಕ್ ಒತ್ತಿದ. ಗಾಡಿ ಬಲಕ್ಕೆ ತಿರುಗಿ ರಸ್ತೆಯ ಆಚೆ ಬದಿಯ ಬೇಲಿಗೆ ಹೋಗಿ ನಿಂತಿತು. ಎದುರಿಗೆ ಯಾರೂ ಬರುತ್ತಿರಲಿಲ್ಲ, ಪುಣ್ಯ. ಅವನ ಗಡ್ಡದಲ್ಲಿ ತುರಿಕೆ ಗಿಡದ ಎಲೆ ಸಿಕ್ಕಿತ್ತು. ಸಂಜೆವರೆಗೂ ಕೆರೆದುಕೊಂಡ.

ಇನ್ನೊಂದು ಬಿಸಿ. ಗಾಡಿ, ಸಾಮಾನು, ಮೈಭಾರ ಸೇರಿ ನೂರಿಪ್ಪತ್ತು ಕಿಲೋ ಹತ್ತಿರ. ಅಷ್ಟನ್ನೂ ಕಡಿದಾದ ಇಳಿಜಾರಿನಲ್ಲಿ ಸಣ್ಣ ಡ್ರಮ್ ಬ್ರೇಕು ಹಿಡಿದಿಡಬೇಕು. ಹತ್ತು ನಿಮಿಷ ಒಂದೇ ಸಮ ಒತ್ತಿಕೊಂಡೇ ಬಂದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ, ಲಿವರ್ ಹಿಡಿಕೆಯವರೆಗೂ ಬಂದರೂ ಗಾಡಿ ನಿಲ್ಲೋದಿಲ್ಲ. ಅದೇ ಗುಡ್ಡದ ರಸ್ತೆಯಲ್ಲಿ ಡುಲಿವೆ ಅನ್ನೋ ಊರು ದಾಟಿದ ಮೇಲಿನ ಇಳಿಜಾರಿನಲ್ಲಿ ನನಗೆ ಸುಟ್ಟ ವಾಸನೆ ಬಂತು. ನಿಲ್ಲಿಸಿ ಚಕ್ರದ ನಡುವಿನ ಹಬ್ಬಿಗೆ ಬಾಟಲಿಯಿಂದ ನಾಲ್ಕು ಹನಿ ನೀರು ಹಾಕಿ ನೋಡಿದೆ, ದೋಸೆ ಕಾವಲಿ ಮೇಲೆ ಚಿಮುಕಿಸಿದ ಹಾಗೆ ಚುಂಯ್ ಅಂತು. ಕೈಯಿಟ್ಟು ನೋಡಬೇಡಿ. ನಾನು ಇಟ್ಟಿದ್ದೆ. ಆಮೇಲೆ ಕಲಿತದ್ದು ಇಷ್ಟು: ಒತ್ತಿಕೊಂಡೇ ಬರಬಾರದು. ತಿರುವಿಗೆ ಮೊದಲು ಜೋರಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟು ಗಾಳಿ ಆಡಲು ಬಿಡಿ, ಮತ್ತೆ ಒತ್ತಿ. ಉದ್ದದ ಇಳಿಜಾರಾದರೆ ಮಧ್ಯೆ ನಿಲ್ಲಿಸಿ ಕಾಯಿರಿ. ಹತ್ತೋದಕ್ಕೆ ಪುರುಸೊತ್ತು ಇದ್ದವರಿಗೆ ಇಳಿಯೋದಕ್ಕೂ ಇರಬೇಕು.

ಕಾಲು ಪೆಡಲಿಗೆ ಕಟ್ಟಿಕೊಂಡಿರಬೇಕು, ಇದು ಇನ್ನೂ ಮುಖ್ಯ. ಕಾಲು ಜಾರಿ ನೆಲಕ್ಕೆ ಬಿದ್ದರೆ ಗಾಡಿ ಅದರ ಮೇಲೇ ಹರಿದು ಹೋಗುತ್ತದೆ, ಮೂಳೆ ಮುರಿಯುತ್ತದೆ. ಕ್ಲಿಪ್ಪಿನ ಶೂ ಅಥವಾ ಹಿಮ್ಮಡಿ ಹಿಡಿಯುವ ಪಟ್ಟಿ, ಯಾವುದಾದರೂ ಒಂದು ಬೇಕೇ ಬೇಕು. ಹವಾಯಿ ಚಪ್ಪಲಿ ಹಾಕಿಕೊಂಡು ತುಳಿಯಬಹುದಾ ಅಂತ ಮೂರು ಜನ ಕೇಳಿದ್ದಾರೆ. ಬೇಡ.

ಗೇಟು ಅಂದಿರಲ್ಲ, ಅದೇನು?

ನಮ್ಮ ಕಡೆ ತೋಟಕ್ಕೆ ಉಣುಗೋಲು, ತಡಮೆ ಇರುತ್ತವಲ್ಲ, ದನ ನುಗ್ಗಬಾರದು, ಮನುಷ್ಯ ದಾಟಬೇಕು ಅಂತ. ಬ್ರಿಟನ್ನಿನ ಸೈಕಲ್ ದಾರಿಗಳಲ್ಲಿ ಅದೇ ತಂತ್ರ, ಆದರೆ ತಡೆಯಬೇಕಾದ್ದು ಮೋಟರ್ ಬೈಕುಗಳನ್ನು. ಹಳೇ ರೈಲು ದಾರಿಗಳ ಬಾಯಲ್ಲಿ ಎರಡು ಕಬ್ಬಿಣದ ಕಂಬಗಳನ್ನು ಮೇಲಕ್ಕೆ ಹತ್ತಿರವಾಗುವ ಹಾಗೆ ಓರೆಯಾಗಿ ನಿಲ್ಲಿಸಿರುತ್ತಾರೆ. ಸೈಕಲ್ ಹ್ಯಾಂಡಲ್ ಕಷ್ಟಪಟ್ಟು ನುಸುಳುತ್ತದೆ. ಟ್ರೈಕಿನ ಅಗಲ 80 ಸೆಂ.ಮೀ., ಅದೂ ನೆಲದ ಮಟ್ಟದಲ್ಲೇ. ಹೋಗೋದಿಲ್ಲ.

ದಕ್ಷಿಣದ ಕಣಿವೆಗಳಿಗೆ ಬಂದ ಮೇಲೆ ಇವು ಸಾಲಾಗಿ ಸಿಕ್ಕವು. ಮೊದಲನೆಯದರಲ್ಲಿ ನಾವು ಅರ್ಧ ಗಂಟೆ ಕಳೆದೆವು. ನಾಲ್ಕೂ ಚೀಲ ಬಿಚ್ಚಿ, ಬಾವುಟ ಕಿತ್ತು, ಗಾಡಿಯನ್ನು ಪಕ್ಕಕ್ಕೆ ಮಲಗಿಸಿ, ಮೊದಲು ಒಂದು ಮುಂದಿನ ಚಕ್ರ ತೂರಿಸಿ, ಹಿಂದಿನದನ್ನು ಎತ್ತಿ ತಿರುಗಿಸಿ, ಕೊನೆಗೆ ಇನ್ನೊಂದು ಚಕ್ರ. ಕಿರಿದಾದ ಬಾಗಿಲಲ್ಲಿ ಮಂಚ ಸಾಗಿಸಿದವರಿಗೆ ಗೊತ್ತಾಗುತ್ತದೆ. ಚೈನಿನ ಎಣ್ಣೆ ಮುಖಕ್ಕೆಲ್ಲ. ಐದನೇ ಗೇಟಿನ ಹೊತ್ತಿಗೆ ನಾವು ಪಳಗಿ ಏಳು ನಿಮಿಷಕ್ಕೆ ಮುಗಿಸುತ್ತಿದ್ದೆವು. ಅವತ್ತೇ ಮಧ್ಯಾಹ್ನ ಒಬ್ಬ ಹೆಂಗಸು ಗಾಲಿಕುರ್ಚಿಯಲ್ಲಿ ಅದೇ ಗೇಟಿನವರೆಗೆ ಬಂದು, ನಮ್ಮ ಸರ್ಕಸ್ ನೋಡಿ ನಕ್ಕು, ಹಿಂದಕ್ಕೆ ತಿರುಗಿ ಹೋದರು. ಅವರಿಗೆ ಆ ದಾರಿ ದಿನಾ ಅಲ್ಲಿಗೇ ಮುಗಿಯುತ್ತದಂತೆ. ಮೋಟರ್ ಬೈಕಿನವರು ಮಾತ್ರ ಪಕ್ಕದ ಬೇಲಿ ಮುರಿದು ದಾರಿ ಮಾಡಿಕೊಂಡಿದ್ದರು, ಟೈರಿನ ಗುರುತು ಕಾಣುತ್ತಿತ್ತು! ಈಗೀಗ ಇಂಥ ಗೇಟುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಾರೆ. ಹೊರಡುವ ಮೊದಲು ಆಯಾ ದಾರಿಯ ಗೇಟುಗಳ ಫೋಟೋ ಹುಡುಕಿ ನೋಡಿಕೊಳ್ಳಿ, ಏರಿನ ನಕ್ಷೆ ನೋಡೋದಕ್ಕಿಂತ ಅದು ಮುಖ್ಯ.

ಕುರಿ ದಾಟದಂತೆ ರಸ್ತೆಗೆ ಅಡ್ಡ ಹಾಸಿದ ಕಬ್ಬಿಣದ ಪೈಪುಗಳು ಗುಡ್ಡದ ಮೇಲೆ ಪದೇ ಪದೇ ಸಿಗುತ್ತವೆ. ಅವುಗಳ ಮೇಲೆ ನೇರವಾಗಿ ಹೋಗಿ, ಓರೆಯಾಗಿ ಬೇಡ. ಹಲ್ಲು ಕಚ್ಚಿಕೊಂಡಿರಿ, ನಾಲಿಗೆ ಮಧ್ಯೆ ಇರಬಾರದು.

ಕಾರು ಲಾರಿಗಳಿಗೆ ನೀವು ಕಾಣ್ತೀರಾ?

ಕಾಣುತ್ತೇವೆ. ವಿಚಿತ್ರವಾಗಿರುವುದರಿಂದ ಚೆನ್ನಾಗಿಯೇ ಕಾಣುತ್ತೇವೆ. ಹಗಲಲ್ಲೂ ಮಿಣುಕುವ ಹಿಂದಿನ ದೀಪ, ಎತ್ತರದ ಕೋಲಿಗೆ ಕಿತ್ತಳೆ ಬಾವುಟ, ಎರಡೂ ಕಡೆ ಕನ್ನಡಿ. ಕತ್ತು ತಿರುಗಿಸಿದರೆ ನನ್ನ ಗೆಳೆಯನಿಗೆ ತಲೆ ಸುತ್ತುತ್ತದಲ್ಲ, ಹಾಗಾಗಿ ಅವನಿಗೆ ಕನ್ನಡಿ ಇಲ್ಲದೆ ಆಗೋದೇ ಇಲ್ಲ. ಇಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಾಟ. 2023ರ ಸೆಪ್ಟೆಂಬರಿನಿಂದ ವೇಲ್ಸ್‌ನ ಊರೊಳಗಿನ ಹೆಚ್ಚಿನ ರಸ್ತೆಗಳಲ್ಲಿ ವೇಗದ ಮಿತಿ ಗಂಟೆಗೆ 20 ಮೈಲಿ. ಕಾರಿನವರು ಬಯ್ಯುತ್ತಾರೆ, ನಮಗಂತೂ ಒಳ್ಳೆಯದಾಯಿತು. ಊರಾಚೆ ಹೆದ್ದಾರಿಗಳನ್ನು ಬಿಟ್ಟು ಸಣ್ಣ ರಸ್ತೆಯಲ್ಲೇ ಹೋಗಿ. ಅಲ್ಲಿ ಬೇಲಿಗಳು ಆಳೆತ್ತರ, ಕೂತರೆ ಹಸಿರು ಗೋಡೆ ಬಿಟ್ಟು ಬೇರೇನೂ ಕಾಣೋದಿಲ್ಲ, ತಿರುವಿನಲ್ಲಿ ಟ್ರ್ಯಾಕ್ಟರ್ ಬಂದರೆ ಸದ್ದಿನಿಂದಲೇ ತಿಳಿಯಬೇಕು. ಬೇಲಿ ಮುಗಿದು ಬಯಲು ಸಿಕ್ಕಾಗ ಕುರಿಗಳ ಮುಖ ನಮ್ಮ ಮುಖದ ನೇರಕ್ಕೇ ಇರುತ್ತದೆ. ಸೈಕಲ್ಲಿಗೆ ಹೆದರದ ಕುರಿ ಟ್ರೈಕ್ ಕಂಡರೆ ಓಡುತ್ತದೆ, ಮರಿಗಳು ನಿಂತು ನೋಡುತ್ತವೆ.

ಹೆಲ್ಮೆಟ್ ಕಾನೂನಿನಲ್ಲಿ ಕಡ್ಡಾಯವಿಲ್ಲ. ನಾವು ಹಾಕಿದ್ದೆವು.

ರಸ್ತೆ ಮೇಲೆ ದೊಡ್ಡದಾಗಿ ಏನೋ ಬರೆದಿರುವ ಫೋಟೋ ಹಾಕಿದ್ದಿರಲ್ಲ, ಅದೇನು?

ಅದು ವೆಲ್ಷ್ ಭಾಷೆ. ಇಂಗ್ಲಿಷಿನಲ್ಲಿ "ಸ್ಲೋ" ಅಂತ, ಅದರ ಜೊತೆಗೇ ವೆಲ್ಷ್‌ನಲ್ಲಿ ಅದೇ ಮಾತು. ನಾವು ಅದನ್ನು "ಅರಾಫ್" ಅಂತ ಓದುತ್ತಿದ್ದೆವು. ನನ್ನ ಗೆಳೆಯ, "ಆರಾಮ್ ಅಂತ ಇರ್ಬೇಕು ಕಣೋ, ಅಕ್ಷರ ತಪ್ಪಿದೆ" ಅಂದ. ಆಮೇಲೆ ಪ್ರತಿ ಏರಿನಲ್ಲೂ ಅವನದು ಅದೇ ಮಂತ್ರ, "ಆರಾಮ್, ಆರಾಮ್". ಮಖನ್ಲೆತ್‌ನ ಗಡಿಯಾರ ಗೋಪುರದ ಹತ್ತಿರ ಟೀ ಕೊಟ್ಟ ಹೆಂಗಸು ನಕ್ಕು ತಿದ್ದಿದರು, ವೆಲ್ಷ್‌ನಲ್ಲಿ ಒಂಟಿ ಎಫ್ ಬಂದರೆ ವ ಅನ್ನಬೇಕು, "ಅರಾವ್". ಎರಡು ಎಫ್ ಬಂದರೆ ಮಾತ್ರ ಫ. ಡಬ್ಲ್ಯೂ ಸ್ವರವೂ ಹೌದು, ಊ ಥರ. ಎರಡು ಎಲ್ ಬಂದರೆ ನಾಲಿಗೆಯನ್ನು ಲ ಅನ್ನುವ ಜಾಗದಲ್ಲಿ ಇಟ್ಟು ಎರಡೂ ಬದಿಯಿಂದ ಬರೀ ಗಾಳಿ ಊದಬೇಕು. ಕನ್ನಡದಲ್ಲಿ ಲ ಇದೆ, ಳ ಇದೆ, ಇದು ಇಲ್ಲ. ಹಾಗಾಗಿ ನಾನು ಇಲ್ಲಿ ಬರೆದಿರುವ ಊರ ಹೆಸರುಗಳನ್ನು ನಂಬಿಕೊಂಡು ಅಲ್ಲಿ ದಾರಿ ಕೇಳಬೇಡಿ. "ಬೋರೆ ದಾ" ಅಂದರೆ ಶುಭೋದಯ, "ದಿಯೋಲ್ಖ್" ಅಂದರೆ ಧನ್ಯವಾದ. ಈ ಎರಡು ಬಂದರೆ ಉತ್ತರದ ಊರುಗಳಲ್ಲಿ ಜನರ ಮುಖ ಅರಳುತ್ತದೆ. ಅಲ್ಲಿ ಅಂಗಡಿಯಲ್ಲಿ ಮಕ್ಕಳು ವೆಲ್ಷ್‌ನಲ್ಲೇ ಜಗಳ ಆಡುತ್ತಿದ್ದವು. ಕೇಳಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಬೆಂಗಳೂರಿನಲ್ಲಿ ನನ್ನ ತಂಗಿಯ ಮಕ್ಕಳು ಜಗಳ ಆಡೋದು ಇಂಗ್ಲಿಷಿನಲ್ಲಿ.

ಮಳೆ?

ಬಂತು. ಹನ್ನೆರಡರಲ್ಲಿ ಏಳು ದಿನ. ಮಲೆನಾಡಿನವನಿಗೆ ಮೊದಲೆರಡು ದಿನ ತಮಾಷೆ, "ಇದನ್ನ ಮಳೆ ಅಂತಾರಾ ಇಲ್ಲಿ?" ಮೂರನೇ ದಿನ ಸುಮ್ಮನಾದ. ಜಿಟಿಜಿಟಿಗಿಂತ ಜಾಸ್ತಿ ಬರೋದಿಲ್ಲ, ಆದರೆ ಅದು ತಣ್ಣಗಿನ ಜಿಟಿಜಿಟಿ, ಮತ್ತು ಟ್ರೈಕಿನಲ್ಲಿ ಒರಗಿ ಕೂತಿರುವುದರಿಂದ ಎಲ್ಲ ಹನಿಯೂ ಮಡಿಲಿಗೇ. ಮುಂದಿನ ಚಕ್ರಗಳಿಗೆ ಮಡ್‌ಗಾರ್ಡ್ ಇಲ್ಲದಿದ್ದರೆ ರಸ್ತೆಯ ನೀರೆಲ್ಲ ಮೊಣಕೈಗೆ ಎರಚುತ್ತದೆ. ಟೀಗೆ ಇಳಿಯುವಾಗ ಸೀಟಿನ ಮೇಲೆ ಪ್ಲಾಸ್ಟಿಕ್ ಮುಚ್ಚಿ ಹೋಗಿ. ಒಂದು ಸಲ ಮರೆತೆ, ಮುಂದಿನ ಹತ್ತು ಮೈಲಿ ಹೇಗೆ ಕೂತಿದ್ದೆ ಅಂತ ವಿವರಿಸೋದಿಲ್ಲ.

ಎಲ್ಲಿ ಉಳಿದಿರಿ? ಟೆಂಟಾ?

ಅರ್ಧ ಟೆಂಟು, ಅರ್ಧ ಮನೆಗಳಲ್ಲಿ ಬಾಡಿಗೆ ರೂಮು. ವೇಲ್ಸ್‌ನಲ್ಲಿ ಸಿಕ್ಕ ಸಿಕ್ಕ ಗುಡ್ಡದಲ್ಲಿ ಟೆಂಟ್ ಹಾಕುವ ಹಕ್ಕಿಲ್ಲ, ಜಾಗದವರನ್ನು ಕೇಳಬೇಕು. ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನೋದಿಲ್ಲ. ರೂಮ್ ಬುಕ್ ಮಾಡುವಾಗ "ಸೈಕಲ್ ಇಡಲು ಜಾಗ ಇದೆಯಾ" ಅಂತ ಕೇಳಿದರೆ ಸಾಲದು. ಇದೆ ಅನ್ನುತ್ತಾರೆ, ಹೋಗಿ ನೋಡಿದರೆ ಎರಡು ಅಡಿ ಅಗಲದ ಓಣಿ. ಬಾಗಿಲಿನ ಅಗಲ ಕೇಳಿ.

ಊಟಕ್ಕೆ ಏನು ಮಾಡಿದಿರಿ? ಸಸ್ಯಾಹಾರಿಗಳಿಗೆ ಸಿಗುತ್ತಾ?

ಅವನು ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಕೆಫೆಗಳಲ್ಲಿ ಬೇಯಿಸಿದ ಆಲೂಗಡ್ಡೆಯ ಮೇಲೆ ಬೀನ್ಸ್ ಹಾಕಿ ಕೊಡುವುದು ಎಲ್ಲ ಕಡೆ ಸಿಗುತ್ತದೆ, ಎಂಟನೇ ದಿನ ಅದರ ಹೆಸರು ಕೇಳಿದರೇ ಬೇಡ ಅನ್ನಿಸುತ್ತದೆ. ವೆಲ್ಷ್ ಕೇಕ್ ಅಂತ ಕಾವಲಿ ಮೇಲೆ ಬೇಯಿಸಿದ ಪುಟ್ಟ ಬಿಸ್ಕತ್ತಿನಂಥದ್ದು ನನಗೆ ಪ್ರಾಣ, ಅದರಲ್ಲಿ ಮೊಟ್ಟೆ ಇರುತ್ತದೆ, ಹಾಗಾಗಿ ಅವನ ಪಾಲೂ ನನಗೇ. ಊರಿಂದ ಅವನು ತಂದಿದ್ದು ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ, ಹುರಿಹಿಟ್ಟು, ಚಕ್ಕುಲಿ. ಅಮ್ಮ ಕಟ್ಟಿಕೊಟ್ಟ ತುಪ್ಪ, ಧಾರವಾಡ ಪೇಡ ಮಾತ್ರ ಬೆಂಗಳೂರಿನಲ್ಲೇ ಬಿಟ್ಟು ಬರಲು ಹೇಳಿದ್ದೆ. ಭಾರತದಿಂದ ಬ್ರಿಟನ್ನಿಗೆ ಹಾಲಿನ ಪದಾರ್ಥ ತರುವಂತಿಲ್ಲ. ಮಖನ್ಲೆತ್‌ನಿಂದ ಲಾನಿಡ್ಲೋಸ್ ಮಧ್ಯೆ ಊಟ ಜೊತೆಗೇ ಇರಲಿ, ಅಂಗಡಿಯ ಆಸೆ ಇಟ್ಟುಕೊಳ್ಳಬೇಡಿ. ಫೋನಿನ ಸಿಗ್ನಲ್ಲೂ ಹೋಗುತ್ತದೆ, ಕಾಗದದ ನಕ್ಷೆ ಇಟ್ಟುಕೊಳ್ಳಿ.

ಇಬ್ಬರಿಗೂ ಜಗಳ ಆಗಲಿಲ್ವಾ?

ಆಯಿತು. ನಾಲ್ಕನೇ ದಿನ, ಟೀ ವಿಷಯಕ್ಕೆ. ಅವನಿಗೆ ಪ್ರತಿ ಊರಲ್ಲೂ ಟೀ ಬೇಕು. ನನಗೆ ಕತ್ತಲಾಗುವ ಮೊದಲು ತಲುಪಬೇಕು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೆ ಸೂರ್ಯ ಮುಳುಗೋದು ಅಂತ ಅವನೇ ನೆನಪಿಸಿದ. ನನ್ನ ವಾದ ಬಿದ್ದುಹೋಯಿತು.

ನಿಜವಾದ ತೊಂದರೆ ಮಾತಿನದು. ಸಣ್ಣ ರಸ್ತೆಯಲ್ಲಿ ಪಕ್ಕ ಪಕ್ಕ ಹೋಗಲು ಆಗೋದಿಲ್ಲ, ಹಿಂದಿದ್ದವನ ಮಾತು ಮುಂದಿದ್ದವನಿಗೆ ಕೇಳೋದಿಲ್ಲ. ಮುಂದಿದ್ದವನು ಪ್ರತಿ ಕವಲಿನಲ್ಲೂ ನಿಲ್ಲಬೇಕು ಅಂತ ನಿಯಮ ಮಾಡಿಕೊಂಡೆವು. ಒಂದು ಸಲ ಕೊರಿಸ್ ಕಾಡಿನಲ್ಲಿ ನಾನೇ ಮರೆತು ಮುಂದೆ ಹೋದೆ. ಇಪ್ಪತ್ತು ನಿಮಿಷ ಆದರೂ ಅವನಿಲ್ಲ. ಫೋನೂ ಇಲ್ಲ. ಕೊನೆಗೆ ಊರಲ್ಲಿ ತೋಟದಿಂದ ತೋಟಕ್ಕೆ ಕರೆಯುವ ಹಾಗೆ ಜೋರಾಗಿ ಕೂ ಹಾಕಿದೆ. ಮೊದಲು ಯಾವುದೋ ಮನೆಯ ನಾಯಿ ಓಗೊಟ್ಟಿತು. ಆಮೇಲೆ ಕೆಳಗಿನ ತಿರುವಿನಿಂದ ಅವನ ಕೂ ಬಂತು, ಒಂದು ಸ್ವರ ಕಡಿಮೆ, ಏದುಸಿರು.

ಯಾವ ಜಾಗ ತಪ್ಪಿಸಿಕೊಳ್ಳಬಾರದು?

ಹಾರ್ಲೆಕ್‌ನಲ್ಲಿ ಒಂದು ಬೀದಿ ಇದೆ, 2019ರಲ್ಲಿ ಜಗತ್ತಿನ ಅತಿ ಕಡಿದಾದ ಬೀದಿ ಅಂತ ಗಿನ್ನೆಸ್ ದಾಖಲೆ ಸಿಕ್ಕಿತ್ತು, ಮರುವರ್ಷವೇ ನ್ಯೂಜಿಲೆಂಡಿನವರು ತಕರಾರು ತೆಗೆದು ವಾಪಸು ಪಡೆದರು. ನಡೆದು ನೋಡಿ ಸಾಕು. ಟ್ರೈಕ್ ಹಾಕಬೇಡಿ.

ನಾನು ಹೇಳೋದು ಎಲಾನ್ ಕಣಿವೆ. ರೇಯಡರ್‌ನಿಂದ ಅಡ್ಡ ದಾರಿ, ಹಳೇ ರೈಲು ಹಾದಿಯಲ್ಲಿ ಒಳಗೆ ಹೋದರೆ ಒಂದಾದ ಮೇಲೊಂದು ಕಲ್ಲಿನ ಅಣೆಕಟ್ಟುಗಳು. ನಮ್ಮ ರಜೆಯ ದಿನ ಅಲ್ಲೇ ಕಳೆದದ್ದು. ಬರ್ಮಿಂಗ್‌ಹ್ಯಾಮ್ ನಗರಕ್ಕೆ ನೀರು ಕೊಡಲು ಕಟ್ಟಿ, 1904ರಲ್ಲಿ ದೊರೆ ಏಳನೇ ಎಡ್ವರ್ಡ್ ಬಂದು ಶುರು ಮಾಡಿದ್ದು. ಅಲ್ಲಿಂದ 118 ಕಿ.ಮೀ. ದೂರ ನೀರು ಬರೋದು ಪಂಪಿನಿಂದ ಅಲ್ಲ, ಬರೀ ಇಳಿಜಾರಿನಿಂದ. ಒಟ್ಟು ಇಳಿತ ಕೇವಲ 52 ಮೀಟರ್. ಅಷ್ಟು ಸಣ್ಣ ಇಳಿಜಾರಿನಲ್ಲಿ ನೀರು ತಲುಪೋದಕ್ಕೆ ಸುಮಾರು ಒಂದೂವರೆ ದಿನ ಬೇಕು, ಅಂದರೆ ನಾವು ಏರು ಹತ್ತುವ ವೇಗಕ್ಕಿಂತ ಮೆಲ್ಲಗೆ. ನಮ್ಮ ಮನೆಯ ನಲ್ಲಿಯಲ್ಲಿ ಹತ್ತು ವರ್ಷದಿಂದ ಬರುತ್ತಿರುವ ನೀರು ಇದೇ ಅಂತ ಗೆಳೆಯನಿಗೆ ಜಂಬದಿಂದ ಹೇಳಿದೆ.

ಅವನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಎಷ್ಟು ಮನೆ ಹೋಯ್ತಂತೆ?" ಅಂತ ಕೇಳಿದ. ಅವನ ಅಜ್ಜಿಯ ಊರು ಶರಾವತಿ ಹಿನ್ನೀರಿನಲ್ಲಿ ಮುಳುಗಿದ್ದು, ಲಿಂಗನಮಕ್ಕಿ ಕಟ್ಟಿದಾಗ, 1964ರಲ್ಲಿ. ಎಲಾನ್‌ನಲ್ಲಿ ನೂರರಷ್ಟು ಜನ ಜಾಗ ಬಿಡಬೇಕಾಯಿತು, ಒಂದು ಚರ್ಚು, ಒಂದು ಶಾಲೆ ಹೋಯಿತು, ಪರಿಹಾರ ಸಿಕ್ಕಿದ್ದು ಜಮೀನಿನ ಒಡೆಯರಿಗೆ ಮಾತ್ರ. ಬರಗಾಲದಲ್ಲಿ ನೀರು ಇಳಿದರೆ ಅಲ್ಲಿನ ಹಳೇ ಮನೆಯ ತೋಟದ ಗೋಡೆ ಕಾಣುತ್ತದಂತೆ. "ನಮ್ಮಲ್ಲೂ ಬೇಸಿಗೇಲಿ ಹಿನ್ನೀರಲ್ಲಿ ಮುಳುಗಿದ ಹಳೇ ಮಡೇನೂರು ಡ್ಯಾಮು ಎದ್ದು ಕಾಣುತ್ತೆ, ಅಜ್ಜಿ ಒಂದು ಸಲನೂ ನೋಡೋಕೆ ಬರ್ಲಿಲ್ಲ" ಅಂದ. ಆಮೇಲೆ ಬಾಟಲಿ ತೆಗೆದು ನೀರು ಕುಡಿದು, ಹಿಂದಿನ ಟೈರಿನ ಗಾಳಿ ಒತ್ತಿ ನೋಡಿದ. ಹೊರಟೆವು. ಕೆಂಪು ಗಿಡುಗಗಳು ಅಲ್ಲಿ ನಮ್ಮ ಕಡೆ ಕಾಗೆ ಹಾರಿದಷ್ಟು ಸಲೀಸಾಗಿ ಹಾರುತ್ತಿರುತ್ತವೆ, ಒಂದು ಕಾಲದಲ್ಲಿ ಬ್ರಿಟನ್ನಿನಲ್ಲಿ ಅವು ಉಳಿದಿದ್ದದ್ದು ವೇಲ್ಸ್‌ನ ಈ ಮಧ್ಯಭಾಗದಲ್ಲಿ ಮಾತ್ರ.

ಭಾರತದಿಂದ ಟ್ರೈಕ್ ತರಬಹುದಾ? ರೈಲಿಗೆ ಹತ್ತಿಸಬಹುದಾ? ವೀಸಾ?

ವೀಸಾ ಸಾಮಾನ್ಯ ವಿಸಿಟರ್ ವೀಸಾ, ಆರು ತಿಂಗಳದ್ದು. ಮಡಚುವ ಟ್ರೈಕ್ ಇದ್ದರೆ ವಿಮಾನದಲ್ಲಿ ತರಬಹುದು, ಆದರೆ ಪೆಟ್ಟಿಗೆ ಸೇರಿ ತೂಕ, ಅಳತೆ ಎರಡನ್ನೂ ವಿಮಾನದವರ ಹತ್ತಿರ ಮೊದಲೇ ಬರೆಸಿಕೊಂಡು ಒಪ್ಪಿಗೆ ಪಡೆಯಿರಿ. ಅವನು ತರಲಿಲ್ಲ. ನನ್ನದು ಸೆಕೆಂಡ್ ಹ್ಯಾಂಡ್, ಅವನದು ಆ ಕ್ಲಬ್ಬಿನ ಅಜ್ಜ ನಂಬಿ ಕೊಟ್ಟದ್ದು. ರೈಲಿನಲ್ಲಿ ಸೈಕಲ್ ನೇತುಹಾಕುವ ಜಾಗಗಳು ಎರಡು ಚಕ್ರದವಕ್ಕೇ ಮಾಡಿದ್ದು, ಟ್ರೈಕನ್ನು ಸಾಮಾನ್ಯವಾಗಿ ಹತ್ತಿಸೋದಿಲ್ಲ. ನಮ್ಮನ್ನು ಆಫೀಸಿನ ಒಬ್ಬರು ವ್ಯಾನಿನಲ್ಲಿ ಹಾಲಿಹೆಡ್‌ಗೆ ಬಿಟ್ಟು, ಮತ್ತೆ ಕಾರ್ಡಿಫ್‌ಗೆ ಬಂದು ಕರೆದುಕೊಂಡು ಹೋದರು. ಅವರಿಗೆ ಒಂದು ಡಬ್ಬಿ ಚಟ್ನಿಪುಡಿ ಸಂದಾಯವಾಗಿದೆ.

ಪಂಕ್ಚರ್ ಎಷ್ಟು ಆಯಿತು?

ಮೂರು. ಎಲ್ಲವೂ ನನ್ನದು. ಬೇಲಿ ಕತ್ತರಿಸಿದ ಮುಳ್ಳು. ಮುಂದಿನ ಚಕ್ರಗಳಿಗೆ ಒಂದೇ ಕಡೆ ಆಸರೆ ಇರುವುದರಿಂದ ಗಾಲಿ ಬಿಚ್ಚದೆಯೇ ಟ್ಯೂಬ್ ಬದಲಾಯಿಸಬಹುದು, ಇದೊಂದು ದೊಡ್ಡ ಸುಖ.

ಊರಲ್ಲಿ, ನಮ್ಮ ರಸ್ತೆಗಳಲ್ಲಿ ಓಡಿಸಬಹುದಾ?

ಗೆಳೆಯ ಈಗ ಅದೇ ಲೆಕ್ಕ ಹಾಕುತ್ತಿದ್ದಾನೆ. ಗುಂಡಿಗಳ ಚಿಂತೆ ಅವನಿಗಿಲ್ಲ, ತಪ್ಪಿಸಬಹುದಂತೆ. ಚಿಂತೆ ಹಂಪುಗಳದ್ದು. ಟ್ರೈಕಿನ ಹೊಟ್ಟೆಗೂ ನೆಲಕ್ಕೂ ಮಧ್ಯೆ ಸುಮಾರು 10 ಸೆಂ.ಮೀ. ಇರುತ್ತದೆ. ಹೋದ ವಾರ ಅವನೊಂದು ಫೋಟೋ ಕಳಿಸಿದ್ದ. ಅವರ ಮನೆ ಮುಂದಿನ ಹಂಪಿನ ಪಕ್ಕದಲ್ಲಿ ಬಡಗಿಯ ಟೇಪು ನೆಟ್ಟಗೆ ನಿಲ್ಲಿಸಿ ಹಿಡಿದಿದ್ದಾನೆ, ಹಿಂದೆ ಒಂದು ಬಸ್ಸು ಹಾರ್ನ್ ಹೊಡೆಯುತ್ತಾ ಕಾಯುತ್ತಿದೆ. ಟೇಪಿನಲ್ಲಿ 17 ತೋರಿಸುತ್ತಿತ್ತು. ಕೆಳಗೆ ಬರೆದಿದ್ದ, "ಇನ್ನೂ ಎರಡು ಹಂಪು ಅಳೆಯೋದಿದೆ."